ಜಡೆ ಹೆಣೆಯುತ್ತ ಬೈಯುವ ಅತ್ತೆ

ಧಾರಾವಾಹಿಯಲ್ಲಿ ಅತ್ತೆಯ ಪಾತ್ರ ಮಾಡುತ್ತೇನೆ ಎಂದರೆ ದಾವಣಗೆರೆಯಲ್ಲಿ ಎಲ್ಲರೂ ಕೇಳುವುದು ಒಂದನ್ನೇ: ‘ಒಳ್ಳೆಯ ಅತ್ತೆಯೋ, ಕೆಟ್ಟ ಅತ್ತೆಯೋ?’ ಹಾಲಿನ ಅಂಗಡಿಯವರೂ ಕೇಳಿದ್ದಾರೆ, ಬಸ್ ನಿಲ್ದಾಣದಲ್ಲಿ ಪಕ್ಕ ಕುಳಿತವರೂ ಕೇಳಿದ್ದಾರೆ. ಯಾವ ಸೊಸೆಗೆ ಎಂದು ತಿಳಿಯದೆ ಇದಕ್ಕೆ ಉತ್ತರ ಹೇಳುವುದು ಹೇಗೆ? ಅತ್ತೆ ಎನ್ನುವುದು ಒಬ್ಬಳೇ ಮಾಡುವ ಪಾತ್ರವಲ್ಲ. ಎದುರಿಗೆ ನಿಂತವಳು ಅರ್ಧ ಮಾಡಿಕೊಟ್ಟರೆ ಮಾತ್ರ ಅದು ಆಗುತ್ತದೆ.

ಇದನ್ನು ನಾನು ಕಲಿತದ್ದು ಕ್ಯಾಮೆರಾದ ಮುಂದೆ ಅಲ್ಲ. 18 ವರ್ಷ ಹಳ್ಳಿಯ ನಾಟಕಗಳಿಗೆ ಪಾತ್ರಕ್ಕೆ ಹೋದವಳು ನಾನು. ಜಗಳೂರು, ಹರಿಹರ, ಹೊಳಲ್ಕೆರೆ, ಚನ್ನಗಿರಿ ಕಡೆಯ ಊರುಗಳಲ್ಲಿ ಸುಗ್ಗಿ ಮುಗಿದು ಯುಗಾದಿ, ಜಾತ್ರೆ ಬಂತೆಂದರೆ ಹುಡುಗರು ಸಾಮಾಜಿಕ ನಾಟಕ ಕಟ್ಟುತ್ತಾರೆ. ಗಂಡು ಪಾತ್ರಗಳೆಲ್ಲ ಊರಿನವರವು. ಹೆಣ್ಣು ಪಾತ್ರಕ್ಕೆ ನಮ್ಮಂಥವರನ್ನು ಕರೆಸುತ್ತಾರೆ. ಮಧ್ಯಾಹ್ನದ ಬಸ್ಸಿಗೆ ಇಳಿದರೆ ಸಂಜೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಜೊತೆ ಹಾಡು ಕೂಡಿಸಿಕೊಳ್ಳುವುದು, ರಾತ್ರಿ ಹತ್ತಕ್ಕೆ ಬಣ್ಣ ಹಚ್ಚಿ ನಿಲ್ಲುವುದು. ಅವತ್ತಿನ ನನ್ನ ಗಂಡ ಯಾರು ಎಂಬುದು ನನಗೆ ತಿಳಿಯುವುದೇ ಸಂಜೆ ಆರಕ್ಕೆ. ತಿಂಗಳುಗಟ್ಟಲೆ ತಾಲೀಮು ಮಾಡಿ ಮಾತೆಲ್ಲ ಬಾಯಿಪಾಠ ಮಾಡಿರುತ್ತಾನೆ; ಆದರೆ ಎದುರಿಗೆ ನಿಜವಾದ ಹೆಂಗಸು ನಿಂತಾಗ ನೆಲ ನೋಡುತ್ತಾನೆ. ಕೆಳಗೆ ಅವನ ಹೆಂಡತಿ, ಅತ್ತೆ, ಇಡೀ ಊರು ಕುಳಿತಿರುತ್ತದೆ. ನಾಚದೆ ಏನು ಮಾಡಿಯಾನು?

ಹಾಗಾಗಿ ಮೊದಲ ಪ್ರವೇಶದಲ್ಲೇ ಅವನ ಕೈಗೆ ಏನಾದರೂ ಕೊಡುವುದನ್ನು ರೂಢಿ ಮಾಡಿಕೊಂಡೆ. ಒಂದು ತಂಬಿಗೆ ನೀರು, ಇಲ್ಲವೇ ಹೆಗಲ ಮೇಲಿನ ವಲ್ಲಿ. ನನ್ನನ್ನು ನೋಡಲು ನಾಚುವವನು ತಂಬಿಗೆಯನ್ನು ನೋಡುತ್ತಾನೆ, ತೆಗೆದುಕೊಳ್ಳುವಾಗ ಕೈ ಸೋಕುತ್ತದೆ, ಮಾತು ಸರಾಗವಾಗುತ್ತದೆ. ಕೆಳಗೆ ಕುಳಿತವರಿಗೆ ಅಷ್ಟು ಸಾಕು: ಇವರಿಬ್ಬರೂ ಒಂದೇ ಮನೆಯವರು ಎಂದು ನಂಬುತ್ತಾರೆ.

ಮೂರು ವರ್ಷದ ಹಿಂದೆ ಬೆಂಗಳೂರಿನ ಒಂದು ಧಾರಾವಾಹಿಗೆ ಕರೆ ಬಂತು. ಮೊದಲ ದಿನದ ಮೊದಲ ಟೇಕಿನಲ್ಲಿ ಬಾಯಿ ತೆರೆದ ಕೂಡಲೇ ಶಬ್ದ ನೋಡಿಕೊಳ್ಳುವ ಹುಡುಗ ಕಿವಿಯ ಹೆಡ್‌ಫೋನ್ ಕಿತ್ತು ತೆಗೆದ. ದುಗ್ಗಮ್ಮನ ಜಾತ್ರೆಯ ಕಂಪನಿ ನಾಟಕ ನೋಡಿ ಬೆಳೆದವಳು ನಾನು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಕಂಪನಿಯ ಊರು ನಮ್ಮದು; ಕೊನೆಯ ಸಾಲಿನವನಿಗೂ ಕೇಳಬೇಕು ಎಂಬುದು ರಕ್ತದಲ್ಲೇ ಇದೆ. ದನಿ ಇಳಿಸುವುದು ಒಂದು ವಾರದಲ್ಲಿ ಬಂತು. ಬಾರದೆ ಕಾಡಿದ್ದು ಬೇರೆ.

ಇಲ್ಲಿ ಸೀನ್ ಪೇಪರ್ ಕೈಗೆ ಸಿಗುವುದು ಅದೇ ಬೆಳಿಗ್ಗೆ, ಕೆಲವೊಮ್ಮೆ ಮೇಕಪ್ ಮುಗಿದ ಮೇಲೆ. ದಿನಕ್ಕೆ ಹತ್ತು ಹನ್ನೆರಡು ದೃಶ್ಯ ಮುಗಿಯಬೇಕು. ಮೊದಲು ಎಲ್ಲರೂ ಇರುವ ಮಾಸ್ಟರ್ ಶಾಟ್, ಆಮೇಲೆ ಒಬ್ಬರ ಭುಜದ ಮೇಲಿಂದ ಇನ್ನೊಬ್ಬರನ್ನು ತೋರಿಸುವ ಸಜೆಶನ್, ಕೊನೆಗೆ ಕ್ಲೋಸಪ್. ನನ್ನ ಕ್ಲೋಸಪ್ ಬರುವ ಹೊತ್ತಿಗೆ ಸೊಸೆಯ ಪಾತ್ರದ ಹುಡುಗಿ ಬೇರೆ ದೃಶ್ಯಕ್ಕೆ ಸೀರೆ ಬದಲಿಸಲು ಹೋಗಿರುತ್ತಾಳೆ. ಅವಳ ಮಾತನ್ನು ಸಹಾಯಕ ನಿರ್ದೇಶಕ ಪಟಪಟನೆ ಓದುತ್ತಾನೆ. ಕ್ಯಾಮೆರಾದ ಪಕ್ಕ ಅಂಟಿಸಿದ ಬಿಳಿ ಟೇಪಿನ ಚೂರನ್ನು ನೋಡುತ್ತ ನಾನು ಕಣ್ಣಲ್ಲಿ ನೀರು ತಂದುಕೊಳ್ಳಬೇಕು. ಹಳ್ಳಿಯಲ್ಲಿ ನಾಚುವ ಗಂಡನಾದರೂ ಎದುರಿಗೆ ಇರುತ್ತಿದ್ದ. ಇಲ್ಲಿ ಎದುರಿಗೆ ಯಾರೂ ಇಲ್ಲ. ಎರಡು ತಿಂಗಳು ನಾನು ಮಾಡಿದ್ದು ಅಭಿನಯವೇ ಅಲ್ಲ, ಮಾತು ಒಪ್ಪಿಸುವುದು. ಪ್ರಸಾರ ನೋಡುವಾಗ ನಾನೂ ಸೊಸೆಯೂ ಬೇರೆ ಬೇರೆ ಮನೆಯಲ್ಲಿ ನಿಂತು ಮಾತನಾಡುತ್ತಿರುವಂತೆ ಕಾಣುತ್ತಿತ್ತು.

ದಾರಿ ಸಿಕ್ಕಿದ್ದು ಒಂದು ಜಗಳದ ದೃಶ್ಯದಲ್ಲಿ. ತನ್ನ ತವರಿನ ಸಾಲಕ್ಕೆ ಸೊಸೆ ಬಳೆ ಅಡ ಇಟ್ಟಿದ್ದಾಳೆ, ಅತ್ತೆಗೆ ಗೊತ್ತಾಗಿದೆ. ನನಗೆ ಹದಿನಾಲ್ಕು ಸಾಲು ಬೈಗುಳ, ಅವಳಿಗೆ ಮೌನ. ಊಟದ ಬಿಡುವಿನಲ್ಲಿ ಆ ಹುಡುಗಿಯನ್ನು ಕೇಳಿದೆ: ‘ನಿಮ್ಮ ಅಮ್ಮನಿಗೆ ಸಿಟ್ಟು ಬಂದರೆ ಏನು ಮಾಡುತ್ತಾರಮ್ಮ?’ ಅವಳು ನಕ್ಕು, ‘ಮಾತು ಬಿಡುತ್ತಾರೆ ಆಂಟಿ. ಆದರೆ ಬೆಳಿಗ್ಗೆ ಜಡೆ ಹಾಕುವುದನ್ನು ಮಾತ್ರ ಬಿಡುವುದಿಲ್ಲ. ಅವತ್ತು ಜಡೆ ಬಹಳ ಬಿಗಿಯಾಗಿರುತ್ತದೆ’ ಎಂದಳು.

ನಿರ್ದೇಶಕರ ಹತ್ತಿರ ಹೋಗಿ, ಎದುರುಬದುರು ನಿಲ್ಲುವ ಬದಲು ಅವಳ ಜಡೆ ಹೆಣೆಯುತ್ತ ಬೈಯುತ್ತೇನೆ ಎಂದೆ. ಸಮಯವಿಲ್ಲ ಎಂದರು. ಒಂದೇ ಸಲ ನೋಡಿ ಎಂದು ಬೇಡಿಕೊಂಡೆ.

ಸಿಕ್ಕು ಬಿಡಿಸಿದವರಿಗೆ ಗೊತ್ತು: ಬಾಚಣಿಗೆ ಸಿಕ್ಕಿನಲ್ಲಿ ನಿಂತಾಗ ಹಾಗೇ ಎಳೆದರೆ ನೆತ್ತಿಗೆ ನೋವಾಗುತ್ತದೆ. ಸಿಕ್ಕಿನ ಮೇಲೆ, ಬುಡದ ಹತ್ತಿರ ಕೂದಲನ್ನು ಎಡಗೈ ಮುಷ್ಟಿಯಲ್ಲಿ ಹಿಡಿದು, ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಬಾಚಬೇಕು. ಎಳೆತವೆಲ್ಲ ನಮ್ಮ ಮುಷ್ಟಿಗೆ ಬರುತ್ತದೆ, ಅವಳ ತಲೆಗೆ ತಲುಪುವುದಿಲ್ಲ. ನಾನು ಬೈಯುತ್ತಲೇ ಇದ್ದೆ, ದನಿ ಏರುತ್ತಲೇ ಇತ್ತು. ‘ನಿನ್ನ ತವರಿನವರ ಸಾಲ ತೀರಿಸಲು ಈ ಮನೆಯ ಬಳೆಯೇ ಬೇಕಿತ್ತೇ?’ ಎನ್ನುವಾಗ ಬಾಚಣಿಗೆ ಸಿಕ್ಕಿಗೆ ತಗುಲಿತು. ಬಾಯಿ ನಿಲ್ಲಲಿಲ್ಲ, ಎಡಗೈ ತಾನಾಗಿ ಹೋಗಿ ಬುಡ ಹಿಡಿಯಿತು. ಕ್ಯಾಮೆರಾದವರು ಅದನ್ನು ಕಂಡು, ಆ ಕೈಯದ್ದೇ ಒಂದು ಕ್ಲೋಸಪ್ ಬೇಕು ಎಂದರು. ಅತ್ತೆಗೆ ಸೊಸೆಯ ಮೇಲೆ ಎಷ್ಟು ಸಿಟ್ಟಿದೆ ಎಂಬುದು ಮಾತಿನಲ್ಲಿ ಬಂತು, ಎಷ್ಟು ಅಕ್ಕರೆ ಇದೆ ಎಂಬುದು ಮುಷ್ಟಿಯಲ್ಲಿ ಬಂತು.

ಇದರಲ್ಲಿ ಕಷ್ಟವೂ ಇದೆ. ಒಂದೇ ಮಾತನ್ನು ಮೂರು ನಾಲ್ಕು ಸಲ ಚಿತ್ರೀಕರಿಸುವಾಗ ಕಂಟಿನ್ಯುಟಿ ತಪ್ಪಬಾರದು. ಮಾಸ್ಟರಿನಲ್ಲಿ ಅರ್ಧ ಹೆಣೆದ ಜಡೆ ಕ್ಲೋಸಪ್ಪಿನಲ್ಲಿ ಪೂರ್ತಿಯಾಗಿದ್ದರೆ ಸಂಕಲನದಲ್ಲಿ ಕೂಡುವುದಿಲ್ಲ. ಅದಕ್ಕೆ ಕೈಕೆಲಸವನ್ನು ಮಾತಿಗೆ ಕಟ್ಟಿಹಾಕಿಕೊಂಡೆ. ‘ತವರು’ ಎನ್ನುವಾಗ ಬಾಚಣಿಗೆ ನಿಲ್ಲಬೇಕು, ‘ಬಳೆ’ ಎನ್ನುವಾಗ ಎಡಗೈ ಮೇಲೇರಬೇಕು. ಹಾರ್ಮೋನಿಯಂ ಜೊತೆ ಹಾಡಿ ತಾಳ ರೂಢಿಯಾದವಳಿಗೆ ಇದು ಹೊಸದೇನಲ್ಲ.

ಇನ್ನೊಂದು, ಏಕವಚನ ಬಹುವಚನದ ವಿಷಯ. ನಮ್ಮ ಕಡೆಯ ಮನೆಗಳಲ್ಲಿ ತಾಯಿಗೆ ನಿಜವಾದ ಸಿಟ್ಟು ಬಂದರೆ ‘ಬಾ ಇಲ್ಲಿ’ ಎನ್ನುವುದಿಲ್ಲ, ‘ಬನ್ನಿ ಅಮ್ಮನವರೇ’ ಎನ್ನುತ್ತಾಳೆ. ಮರ್ಯಾದೆ ಕೊಟ್ಟು ದೂರ ಇಡುವುದು. ಸೀನ್ ಪೇಪರಿನಲ್ಲಿ ಅತ್ತೆ ಸಿಟ್ಟಾದಾಗಲೆಲ್ಲ ‘ಏ, ನೀನು’ ಎಂದಿರುತ್ತಿತ್ತು. ಸಂಭಾಷಣೆ ಬರೆಯುವ ಹುಡುಗನಿಗೆ ಹೇಳಿ, ಮಾಮೂಲಿ ರೇಗುವುದಕ್ಕೆ ‘ನೀನು’, ಮನಸ್ಸು ಮುರಿದ ದಿನ ‘ನೀವು’ ಎಂದು ಇಟ್ಟುಕೊಂಡೆವು. ಆರು ತಿಂಗಳಲ್ಲಿ ನಾನು ಸೊಸೆಯನ್ನು ‘ನೀವು’ ಎಂದದ್ದು ಎರಡೇ ಸಲ. ಎರಡನೆಯ ಸಲ ಅಂದಾಗ ನಮ್ಮ ಬೀದಿಯ ಹೆಂಗಸರು ನನ್ನನ್ನು ಅಡ್ಡಗಟ್ಟಿ, ‘ಆ ಹುಡುಗಿಗೆ ಹಾಗನ್ನಬಾರದಿತ್ತು’ ಎಂದರು. ಅದಕ್ಕಿಂತ ಹೆಚ್ಚು ಕೆಟ್ಟ ಮಾತುಗಳನ್ನು ನಾನು ಎಷ್ಟೋ ಆಡಿದ್ದೆ. ಅವರ ಮನಸ್ಸಿಗೆ ನಾಟಿದ್ದು ಬಹುವಚನ.

ಹಾಸ್ಯಕ್ಕೂ ಇಬ್ಬರ ನಡುವಿನ ಈ ನಂಟೇ ಬೇಕು. ಕಂಪನಿ ನಾಟಕದ ಹಾಸ್ಯ ಜೋಡಿ ಎಷ್ಟೇ ಕಿತ್ತಾಡಿದರೂ ಇವರು ಬಿಟ್ಟುಹೋಗುವವರಲ್ಲ ಎಂಬ ಭರವಸೆ ಜನಕ್ಕೆ ಇರುತ್ತದೆ, ಆ ಭರವಸೆಯ ಮೇಲೆ ನಗು ಹುಟ್ಟುತ್ತದೆ. ಈಗಿನ ಟಿವಿ ಹಾಸ್ಯದ ತುಣುಕುಗಳಲ್ಲಿ ಕೆಲವು ನನಗೆ ಸಪ್ಪೆ ಎನ್ನಿಸುವುದು ಇದಕ್ಕೇ: ಒಬ್ಬೊಬ್ಬರೂ ತಮ್ಮ ತಮ್ಮ ಮಾತಿಗೆ ನಗು ಗಿಟ್ಟಿಸಿಕೊಳ್ಳುವ ಆತುರದಲ್ಲಿರುತ್ತಾರೆ, ಇನ್ನೊಬ್ಬರ ಮಾತು ಕಿವಿಗೆ ಬಿದ್ದಿರುವುದೇ ಇಲ್ಲ.

ಶೂಟಿಂಗ್ ಇಲ್ಲದ ಭಾನುವಾರ ಮನೆಗೆ ನಾಲ್ಕೈದು ಹುಡುಗಿಯರು ಅಭಿನಯ ಕಲಿಯಲು ಬರುತ್ತಾರೆ. ಅವರಿಗೆ ಧಾರಾವಾಹಿಗಳನ್ನು ಶಬ್ದ ನಿಲ್ಲಿಸಿ ತೋರಿಸುತ್ತೇನೆ. ಯಾರಿಗೆ ಯಾರು ಏನಾಗಬೇಕು, ಇವತ್ತು ಅವರ ನಡುವೆ ಏನು ನಡೆದಿದೆ, ಹೇಳಿ ಎನ್ನುತ್ತೇನೆ. ‘ಭಾಗ್ಯಲಕ್ಷ್ಮೀ’ಯಲ್ಲಿ ಪದ್ಮಜಾ ರಾವ್ ಅವರ ಕುಸುಮಾ ಸ್ವಂತ ಮಗನ ಎದುರು ಸೊಸೆಯ ಪರ ನಿಲ್ಲುವವಳು. ಅಂಥ ದೃಶ್ಯದಲ್ಲಿ ಅವರು ಸೊಸೆಯ ಪಾತ್ರದ ಸುಷ್ಮಾ ರಾವ್ ಅವರಿಂದ ಎಷ್ಟು ದೂರದಲ್ಲಿ ನಿಂತಿದ್ದಾರೆ ಎಂದು ಮೊದಲು ನೋಡಲು ಹೇಳುತ್ತೇನೆ. 2021ರ ಡಿಸೆಂಬರಿನಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ವಿನಲ್ಲಿ ಉಮಾಶ್ರೀಯವರನ್ನು ನೋಡಿಸುತ್ತೇನೆ. ಗಂಡು ಮಗು ಹೆರಲಿಲ್ಲವೆಂದು ಗಂಡ ಬಿಟ್ಟುಹೋದ, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದ ತಾಯಿ ಆಕೆ. ರಂಗಭೂಮಿಯಿಂದ ಬಂದ ಆ ಕಲಾವಿದೆ ಎದುರಿನವರ ಮಾತು ಕೇಳಿಸಿಕೊಳ್ಳುವಾಗ ಮುಖ ಹೇಗೆ ಬದಲಾಗುತ್ತದೆ ಎಂದು ಗಮನಿಸಿ, ಅವರು ತಾವೇ ಮಾತನಾಡುವಾಗ ಬೇಕಾದರೆ ಕಣ್ಣು ಮುಚ್ಚಿಕೊಳ್ಳಿ ಎನ್ನುತ್ತೇನೆ. ಕೇಳಿಸಿಕೊಳ್ಳುವುದು ಬಂದರೆ ಮುಕ್ಕಾಲು ಅಭಿನಯ ಬಂದಂತೆ ಎಂಬುದು ನನ್ನ ನಂಬಿಕೆ.

ಕಳೆದ ವರ್ಷ ನಮ್ಮ ಧಾರಾವಾಹಿಯ ಸೊಸೆ ಬದಲಾದಳು. ಮೊದಲಿನ ಹುಡುಗಿಗೆ ಸಿನಿಮಾ ಅವಕಾಶ ಬಂತು, ಹೋದಳು. ನಾಲ್ಕು ದಿನದಲ್ಲಿ ಹೊಸಬಳು ಬಂದಳು. ಪರದೆಯ ಮೇಲೆ ಅದೇ ಹೆಸರು, ಅದೇ ಗಂಡ, ಅದೇ ತಾಳಿ. ನನ್ನ ಕೈಗೆ ಮಾತ್ರ ಹೊಸ ತಲೆ. ಮೊದಲ ದಿನ ಬಾಚಣಿಗೆ ತಾಕಿಸಿದಾಗ ಭುಜ ಬಿಗಿ ಹಿಡಿದಳು, ಕತ್ತು ಮುಂದಕ್ಕೆ ಎಳೆದುಕೊಂಡಳು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಅವಳ ಜಡೆಯನ್ನು ಬೇರೆಯವರು ಹೆಣೆದೇ ಇರಲಿಲ್ಲ. ಟೇಕು ಮೂರು ಸಲ ಕೆಟ್ಟಿತು.

ಮರುದಿನದಿಂದ ಮೇಕಪ್ ಕೋಣೆಯಲ್ಲಿ ಕ್ಯಾಮೆರಾ ಇಲ್ಲದೆ ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚತೊಡಗಿದೆ. ದೃಶ್ಯದ ಮಾತು ಎತ್ತಲೇ ಇಲ್ಲ. ಅವಳು ಹಾಸ್ಟೆಲಿನ ಸಾರಿನ ಕಥೆ ಹೇಳುತ್ತಿದ್ದಳು, ನಾನು ಜಗಳೂರಿನ ನಾಚುವ ಗಂಡಂದಿರ ಕಥೆ ಹೇಳುತ್ತಿದ್ದೆ. ಮೂರನೆಯ ವಾರ ಒಂದು ಜಗಳದ ದೃಶ್ಯ ಬಂತು. ಸೀನ್ ಪೇಪರಿನಲ್ಲಿ ಇಬ್ಬರೂ ಹಜಾರದಲ್ಲಿ ಎದುರುಬದುರು ನಿಲ್ಲಬೇಕೆಂದಿತ್ತು. ಆಕ್ಷನ್ ಎಂದ ಮೇಲೆ ಅವಳು ನಿಲ್ಲಲಿಲ್ಲ. ಗೂಡಿನಿಂದ ಬಾಚಣಿಗೆ ತಂದು ನನ್ನ ಕೈಗಿಟ್ಟು, ಬೆನ್ನು ಮಾಡಿ ನೆಲದ ಮೇಲೆ ಕುಳಿತಳು. ನಾನು ಬೈಯಲು ಶುರು ಮಾಡಿದೆ.