ಸಿಐಸಿಎಸ್‌ಗೆ ಭದ್ರತೆ: ಶಿರಸಿಯಿಂದ ಕೆಲಸ ಮಾಡುವಾಗಿನ ನನ್ನ ಅನುಭವ

ಸಿಐಸಿಎಸ್ ಅಂದರೆ ಐಬಿಎಂ ಮೇನ್‌ಫ್ರೇಮಿನಲ್ಲಿ ಆನ್‌ಲೈನ್ ಟ್ರಾನ್ಸಾಕ್ಷನ್‌ಗಳನ್ನು ನಡೆಸುವ ತಂತ್ರಾಂಶ, ಅದರ ಓಡುವ ಒಂದೊಂದು ಪ್ರತಿಯೇ ರೀಜನ್. ಯಾರಿಗೆ ಯಾವುದಕ್ಕೆ ಅನುಮತಿ ಎಂದು ಹೇಳುವುದು ರ‍್ಯಾಕ್‌ಎಫ್ ಎಂಬ ಭದ್ರತಾ ತಂತ್ರಾಂಶ, ಆ ನಿಯಮದ ದಾಖಲೆಯೇ ಪ್ರೊಫೈಲ್. ಸಿಐಸಿಎಸ್ ರೀಜನ್ನಿನಲ್ಲಿ ಸೆಕ್=ಯೆಸ್ (ಭದ್ರತಾ ತಪಾಸಣೆ ಚಾಲೂ) ಹಾಕುವ ಮೊದಲೇ ರ‍್ಯಾಕ್‌ಎಫ್ ಪ್ರೊಫೈಲುಗಳೆಲ್ಲ ತಯಾರಿರಬೇಕು. ಪ್ರೊಫೈಲೇ ಇಲ್ಲದ ಟ್ರಾನ್ಸಾಕ್ಷನ್ ಎಲ್ಲರಿಗೂ ತೆರೆದಿರುತ್ತದೆ ಎಂದು ತಿಳಿದವರು ಬಹಳ ಜನ. ಆಗುವುದು ತಿರುವುಮುರುವು: ‘ಇದಕ್ಕೆ ಪ್ರೊಫೈಲ್ ಇಲ್ಲ’ ಎಂದು ರ‍್ಯಾಕ್‌ಎಫ್ ಹೇಳಿದರೂ ಸಿಐಸಿಎಸ್ ಅದನ್ನು ನಿರಾಕರಣೆ ಎಂದೇ ಹಿಡಿಯುತ್ತದೆ.

ಟ್ರಾನ್ಸಾಕ್ಷನ್‌ಗಳನ್ನು ಕೆಲಸದ ಪ್ರಕಾರ ಗುಂಪು ಮಾಡಿ ಜಿಸಿಐಸಿಎಸ್‌ಟಿಆರ್‌ಎನ್ ಕ್ಲಾಸಿನಲ್ಲಿ (ಟ್ರಾನ್ಸಾಕ್ಷನ್ ಗುಂಪುಗಳ ಪ್ರೊಫೈಲ್ ವರ್ಗ) ಯುಎಸಿಸಿ(ನನ್), ಅಂದರೆ ಪಟ್ಟಿಯಲ್ಲಿ ಇಲ್ಲದವರಿಗೆ ಏನೂ ಇಲ್ಲ, ಎಂದು ಇಟ್ಟು ಬರೆಯುತ್ತೇನೆ. ಅನುಮತಿ ಕೊಡುವುದು ರ‍್ಯಾಕ್‌ಎಫ್ ಗ್ರೂಪಿಗೆ, ರೀಡ್ ಮಟ್ಟದಲ್ಲಿ. ಒಬ್ಬೊಬ್ಬರ ಐಡಿಗೆ ಎಂದೂ ಅಲ್ಲ. ಬದಲಾವಣೆ ಆದ ಮೇಲೆ ಸೆಟ್‌ರಾಪ್ಟ್ಸ್ ರ‍್ಯಾಕ್‌ಲಿಸ್ಟ್ ರಿಫ್ರೆಶ್ (ಮೆಮೊರಿಯಲ್ಲಿರುವ ಪ್ರೊಫೈಲುಗಳನ್ನು ಹೊಸದು ಮಾಡುವ ಆಜ್ಞೆ) ಕೊಡಬೇಕಾದ್ದು ಅದರ ಜೋಡಿಯಾದ ಟಿಸಿಐಸಿಎಸ್‌ಟಿಆರ್‌ಎನ್ ಕ್ಲಾಸಿಗೆ. ಇದನ್ನು ಮರೆತರೆ ‘ಪರ್ಮಿಟ್ ಕೊಟ್ಟಾಯಿತಲ್ಲ, ಯಾಕೆ ಬರ್ತಿಲ್ಲ’ ಎಂಬ ಫೋನು ಖಂಡಿತ.

ಸೆಕ್‌ಪಿಆರ್‌ಎಫ್‌ಎಕ್ಸ್=ಯೆಸ್ ಇದ್ದರೆ ಸಿಐಸಿಎಸ್ ಪ್ರತಿ ಹೆಸರಿನ ಮುಂದೆ ರೀಜನ್ ಯೂಸರ್‌ಐಡಿ ಸೇರಿಸಿ ಕೇಳುತ್ತದೆ. ಪ್ರೊಫೈಲಿನಲ್ಲಿ ಆ ಮುಂಪದ ಇಲ್ಲದಿದ್ದರೆ ಒಂದೂ ಓಡುವುದಿಲ್ಲ. ತಪ್ಪು ಹುಡುಕುವಾಗ ಲಾಗಿನಲ್ಲಿ ಐಸಿಎಚ್408ಐ (ರ‍್ಯಾಕ್‌ಎಫ್ ನಿರಾಕರಿಸಿದಾಗ ಬರುವ ಸಂದೇಶ) ತೆಗೆದು, ಅದರಲ್ಲಿರುವ ರಿಸೋರ್ಸ್ ಹೆಸರನ್ನು ಅಕ್ಷರ ಅಕ್ಷರ ಓದಿ. ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತದೆ.

ಡಿಫಾಲ್ಟ್ ಯೂಸರ್ ಅಂದರೆ ಸೈನ್‌ಆನ್ ಆಗದವರೆಲ್ಲರ ಮುಖ. ಅದಕ್ಕೆ ಕೊಟ್ಟದ್ದು ಊರಿಗೆಲ್ಲ ಕೊಟ್ಟಂತೆ, ಹಾಗಾಗಿ ಕನಿಷ್ಠ ಅನುಮತಿ ಸಾಕು. ಆದರೆ ಎಪಿಪಿಎಲ್ ಕ್ಲಾಸಿನಲ್ಲಿ (ಅಪ್ಲಿಕೇಶನ್ನಿಗೆ ಪ್ರವೇಶ ಯಾರಿಗೆ ಎಂಬುದು) ರೀಜನ್ನಿನ ಆಪ್‌ಐಡಿಗೆ, ಅಂದರೆ ಅದರ ನೆಟ್‌ವರ್ಕ್ ಹೆಸರಿಗೆ, ಪ್ರೊಫೈಲ್ ಇದ್ದರೆ, ಈ ಐಡಿಗೂ ಅಲ್ಲಿ ರೀಡ್ ಬೇಕು. ಡಿಫಾಲ್ಟ್ ಯೂಸರ್ ಸೈನ್‌ಆನ್ ಆಗದಿದ್ದರೆ ರೀಜನ್ ಏಳುವುದೇ ಇಲ್ಲ. ಎಕ್ಸ್‌ಯೂಸರ್=ಯೆಸ್ (ಒಂದು ಐಡಿ ಇನ್ನೊಂದರ ಪರವಾಗಿ ಕೆಲಸ ಮಾಡುವುದರ ತಪಾಸಣೆ) ಇದ್ದಲ್ಲಿ ಸರೋಗ್ಯಾಟ್ ಕ್ಲಾಸಿನಲ್ಲಿ ಡಿಎಫ್‌ಎಚ್‌ಐಎನ್‌ಎಸ್‌ಟಿಎಲ್ ಎಂದು ಕೊನೆಯಾಗುವ ಪ್ರೊಫೈಲಿಗೆ ರೀಜನ್ ಐಡಿಯ ರೀಡ್ ಸಹ ನೋಡಿಕೊಳ್ಳಿ.

ರೀಜನ್ನನ್ನು ನೋಡಿ ಬದಲಿಸುವ ಆಪರೇಟರ್ ಟ್ರಾನ್ಸಾಕ್ಷನ್ ಸಿಇಎಂಟಿಗೆ ಎಕ್ಸ್‌ಸಿಎಂಡಿ (ಕಮಾಂಡುಗಳ ತಪಾಸಣೆ) ಹಾಕಿ: ಇನ್‌ಕ್ವೈರ್‌ಗೆ ರೀಡ್, ಸೆಟ್‌ಗೆ ಅಪ್‌ಡೇಟ್. ನೋಡುವವರು ಬೇರೆ, ಬದಲಿಸುವವರು ಬೇರೆ ಎಂಬ ಗೆರೆ ಇಲ್ಲಿಯೇ ಬೀಳಬೇಕು. ನಿಮ್ಮದೇ ಪ್ರೋಗ್ರಾಂ ಇಂಥ ಕಮಾಂಡ್ ಬಳಸಿದರೆ ಟ್ರಾನ್ಸಾಕ್ಷನ್ ಡೆಫಿನಿಷನ್ನಿನಲ್ಲಿ ಸಿಎಂಡಿಸೆಕ್(ಯೆಸ್) ಬೇಕು. ಇಲ್ಲವಾದರೆ ತಪಾಸಣೆಯೇ ನಡೆಯದು.

ನಮ್ಮ ಕಡೆ ಮನೆಯಿಂದ ಕೆಲಸ ಮಾಡುವವರಿಗೆ ಇನ್ನೊಂದು ಪಾಡು. ಆಷಾಢದ ಮಳೆಗೆ ಮರ ಬಿದ್ದು ಫೈಬರ್ ತುಂಡಾದಾಗ ನಮ್ಮ ಟರ್ಮಿನಲ್ಲನ್ನು ಮೇನ್‌ಫ್ರೇಮಿಗೆ ಜೋಡಿಸುವ ಟಿಎನ್3270 ಸರ್ವರಿಗೆ ಅದು ಕೂಡಲೇ ಗೊತ್ತಾಗುವುದಿಲ್ಲ. ಹಳೆಯ ಟರ್ಮಿನಲ್ ಸೈನ್‌ಆನ್ ಆಗಿಯೇ ಕೂತಿರುತ್ತದೆ. ಎಸ್‌ಎನ್‌ಸ್ಕೋಪ್=ಸಿಐಸಿಎಸ್ (ಒಂದು ರೀಜನ್ನಿನಲ್ಲಿ ಒಂದು ಐಡಿ ಒಮ್ಮೆ ಮಾತ್ರ) ಇದ್ದರೆ, ಲೈನ್ ಬಂದ ಮೇಲೆ ಅದೇ ಐಡಿಯಲ್ಲಿ ಮತ್ತೆ ಒಳಗೆ ಹೋಗಲಿಕ್ಕೆ ಬಿಡುವುದಿಲ್ಲ. ಎಸ್‌ಎನ್‌ಸ್ಕೋಪ್ ಸಡಿಲಿಸುವುದು ನನಗೆ ಒಪ್ಪಿಗೆ ಇಲ್ಲ, ಒಂದೇ ಐಡಿಯನ್ನು ಇಬ್ಬರು ಹಂಚಿಕೊಳ್ಳುವುದನ್ನು ತಡೆಯುವುದೇ ಅದು. ಬದಲಿಗೆ ರ‍್ಯಾಕ್‌ಎಫ್‌ನಲ್ಲಿ ಯೂಸರಿನ ಸಿಐಸಿಎಸ್ ಸೆಗ್ಮೆಂಟಿನಲ್ಲಿ ಟೈಮ್‌ಔಟ್ 15 ನಿಮಿಷ ಇಡುತ್ತೇನೆ. ಸೊನ್ನೆ ಇದ್ದರೆ ಕಾಲಮಿತಿಯೇ ಇಲ್ಲ. ಟೈಪ್‌ಟರ್ಮ್‌ನಲ್ಲಿ (ಟರ್ಮಿನಲ್ ಬಗೆಯ ಡೆಫಿನಿಷನ್) ಸೈನ್‌ಆಫ್(ಲಾಗ್‌ಆಫ್) ಇಟ್ಟರೆ ಸೈನ್‌ಆಫ್ ಜೊತೆಗೆ ಸೆಷನ್ನೂ ಬಿಡುಗಡೆಯಾಗುತ್ತದೆ. ಅಲ್ಲಿ ಸೈನ್‌ಆಫ್(ನೋ) ಉಳಿದಿದ್ದರೆ ಟೈಮ್‌ಔಟ್ ಎಷ್ಟು ಇಟ್ಟರೂ ಕೆಲಸಕ್ಕೆ ಬರುವುದಿಲ್ಲ. ಅಷ್ಟು ಹೊತ್ತು ಕಾಯಲಾಗದಿದ್ದರೆ ಆಪರೇಟರಿಗೆ ಹೇಳಿ ಸಿಇಎಂಟಿಯಿಂದ ಆ ಟರ್ಮಿನಲ್ಲನ್ನು ರಿಲೀಸ್ಡ್ ಮಾಡಿಸಿ.