ಟೈಲ್ಸ್ ಆಮೇಲೆ ಆರಿಸಿ, ಮೊದಲು ಅಡುಗೆಮನೆಯಲ್ಲಿ ನಿಂತು ನೋಡಿ

ಅಡುಗೆಮನೆ ಹೊಸದು ಮಾಡಿಸೋಣ ಅಂತ ಮಾತು ಬಂದ ದಿನವೇ ಮೊಬೈಲಿನಲ್ಲಿ ಫೋಟೊಗಳ ಮೆರವಣಿಗೆ ಶುರುವಾಗುತ್ತದೆ. ನಮ್ಮಲ್ಲೂ ಹಾಗೇ ಆಯಿತು. ಟೈಲ್ಸ್ ಬಣ್ಣಕ್ಕೆ ಮೂರು ವಾರ ಜಗಳವಾಡಿದೆವು. ಫ್ರಿಜ್ ಎಲ್ಲಿಡೋದು ಅನ್ನುವುದನ್ನು ಮೂರು ನಿಮಿಷದಲ್ಲಿ ಮುಗಿಸಿದೆವು. ಕೆಲಸವೆಲ್ಲ ಆಗಿ ಫ್ರಿಜ್ ತಂದು ಮೂಲೆಯಲ್ಲಿ ನಿಲ್ಲಿಸಿದಾಗ ಬಾಗಿಲು ಪಕ್ಕದ ಗೋಡೆಗೆ ಬಡಿಯಿತು. ಹಾಲು, ನೀರು ತೆಗೆಯುವಷ್ಟು ತೆರೆಯುತ್ತದೆ. ಆದರೆ ಕೆಳಗಿನ ತರಕಾರಿ ಡಬ್ಬಿ ಹೊರಗೆ ಬರುವುದಿಲ್ಲ. ಅದನ್ನು ಎತ್ತಿ, ಓರೆ ಮಾಡಿ, ಒಂದು ಮೂಲೆ ಹಿಡಿದು ಎಳೆಯಬೇಕು. ಟೈಲ್ಸಿನ ಜಗಳ ಮರೆತೇಹೋಗಿದೆ. ಡಬ್ಬಿಯ ಜತೆ ಮಾತ್ರ ದಿನಾ ಗುದ್ದಾಟ.

ಹಾಗಾಗಿ ಇಲ್ಲಿ ನಾವು ಮಾಡಿದ್ದಕ್ಕೆ ತಿರುವುಮುರುವಾಗಿ ಹೋಗೋಣ. ಕಣ್ಣಿಗೆ ಕಾಣುವ ಸಾಮಾನು ಕೊನೆಗೆ.

ಒಂದು ವಾರ ಸುಮ್ನೆ ಗಮನಿಸಿ

ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಪಕ್ಕದಲ್ಲಿ ಪೆನ್ನು ತೂಗುಹಾಕಿ. ಕಿರಿಕಿರಿಯಾದಾಗಲೆಲ್ಲ ಮನೆಯವರು ಒಂದು ಸಾಲು ಬರೆಯಲಿ. ‘ಬಿಸಿ ಪಾತ್ರೆ ಇಳಿಸಲು ಜಾಗವಿಲ್ಲ.’ ‘ಹೆಚ್ಚುವಾಗ ನನ್ನ ನೆರಳು ನನ್ನ ಕೈಮೇಲೇ ಬೀಳುತ್ತೆ.’ ‘ಕಸದ ಬುಟ್ಟಿಗೆ ನಾಲ್ಕು ಹೆಜ್ಜೆ.’ ವಾರ ಮುಗಿಯುವಷ್ಟರಲ್ಲಿ ನಿಮಗೆ ಏನು ಬೇಕು ಅನ್ನುವುದು ಆ ಹಾಳೆಯಲ್ಲೇ ಇರುತ್ತದೆ. ಫೋಟೊದಲ್ಲಿರುವ ಅಡುಗೆಮನೆ ಯಾರದೋ. ಹಾಳೆಯಲ್ಲಿರುವುದು ನಿಮ್ಮದು.

ಜತೆಗೇ ಎಲ್ಲ ಕಪಾಟು ಖಾಲಿ ಮಾಡಿ ನೋಡಿ. ವರ್ಷದಿಂದ ಮುಟ್ಟದ ಸಾಮಾನಿಗೆ ಹೊಸ ಕಪಾಟು ಕಟ್ಟಿಸುವುದು ದಂಡ, ಅಲ್ವಾ?

ಟೇಪು, ಹಾಳೆ, ಸೀಮೆಸುಣ್ಣ

ಗೋಡೆ ನೇರವಾಗಿದೆ ಅಂತ ನಂಬಬೇಡಿ. ನೋಡಲು ನೇರವಾಗಿದ್ದರೂ ನೆಲದ ಹತ್ತಿರ ಒಂದು ಅಳತೆ, ಎದೆಮಟ್ಟದಲ್ಲಿ ಇನ್ನೊಂದು ಬರುವುದುಂಟು. ಪ್ರತಿ ಗೋಡೆಯನ್ನೂ ಮೂರು ಎತ್ತರದಲ್ಲಿ ಅಳೆದು, ಇದ್ದುದರಲ್ಲಿ ಚಿಕ್ಕದನ್ನೇ ಹಿಡಿಯಿರಿ. ಮೂಲೆ ಸರಿಯಾಗಿದೆಯೇ ಅಂತ ನೋಡಲು ಗಾರೆಯವರ ಹಳೆಯ ಲೆಕ್ಕ ಸಾಕು: ಮೂಲೆಯಿಂದ ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ. ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿಯಾದ ಲಂಬಕೋನದಲ್ಲಿದೆ. ಕಿಟಕಿ, ಪೈಪು, ಸ್ವಿಚ್ಚು, ತೊಲೆ, ಬಾಗಿಲು ತೆರೆಯುವ ದಿಕ್ಕು, ಎಲ್ಲವನ್ನೂ ಚೌಕುಳಿ ಹಾಳೆಯಲ್ಲಿ ಬರೆದುಕೊಳ್ಳಿ.

ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಸ ಕಟ್ಟೆ, ಒಲೆ, ಫ್ರಿಜ್ ಎಲ್ಲ ಬರೆಯಿರಿ. ರಟ್ಟಿನ ಪೆಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕೆ ಬಾಗಿಲಿನಷ್ಟು ಅಗಲದ ರಟ್ಟು ಅಂಟಿಸಿ ತೆರೆದು ನೋಡಿ. ಫ್ರಿಜ್‌ ಬಾಗಿಲು ಬರೀ ತೆರೆದರೆ ಸಾಲದು, ಒಳಗಿನ ಡಬ್ಬಿ ಹೊರಬರುವಷ್ಟು ತೆರೆಯಬೇಕು. ಪಕ್ಕದಲ್ಲಿ ಗೋಡೆಯಿದ್ದರೆ ನಡುವೆ ಎಷ್ಟು ಜಾಗ ಬಿಡಬೇಕು ಅಂತ ಕಂಪನಿಯ ಕೈಪಿಡಿಯಲ್ಲಿ ಇರುತ್ತದೆ. ಕೊಳ್ಳುವ ಮೊದಲೇ ಅದನ್ನು ಓದಿ. ನಾವು ಓದಲಿಲ್ಲ.

ಎಲ್ಲಿ ಏನು ಬರಬೇಕು

ಈ ಯೋಚನೆ ನೂರು ವರ್ಷದಿಂದ ನಡೆಯುತ್ತಿದೆ. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಒಂದು ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್, ಅಷ್ಟೇ. ರೈಲಿನ ಊಟದ ಬೋಗಿಯ ಇಕ್ಕಟ್ಟಿನ ಅಡುಗೆಮನೆಯೇ ಅದಕ್ಕೆ ಮಾದರಿ. ತಮಾಷೆಯೆಂದರೆ ಅದಕ್ಕೆ ಮೊದಲು ತಾನು ಅಡುಗೆಯನ್ನೇ ಮಾಡಿರಲಿಲ್ಲ ಅಂತ ಆಕೆ ಹೇಳಿಕೊಂಡಿದ್ದರು. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ‘ಕೆಲಸದ ತ್ರಿಕೋನ’ದ ಲೆಕ್ಕ ಹಾಕಿದರು. ಒಲೆ, ಸಿಂಕ್, ಫ್ರಿಜ್ ಈ ಮೂರರ ನಡುವಿನ ಒಂದೊಂದು ಅಂತರವೂ 4ರಿಂದ 9 ಅಡಿ, ಮೂರೂ ಸೇರಿ 13ರಿಂದ 26 ಅಡಿ ಇದ್ದರೆ ಓಡಾಟ ಹಿತ.

ಪುಟ್ಟ ಅಡುಗೆಮನೆಯಲ್ಲಿ ತ್ರಿಕೋನ ಕೂರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಪ್ರಕಾರ ಅದಕ್ಕಿಂತ ಮುಖ್ಯ ‘ಇಳಿಸುವ ಜಾಗ’. ಒಲೆಯ ಒಂದು ಬದಿ 12 ಇಂಚು, ಇನ್ನೊಂದು ಬದಿ 15 ಇಂಚು ಖಾಲಿ ಕಟ್ಟೆ ಇರಲಿ. ಸಿಂಕಿನ ಒಂದು ಬದಿಗಾದರೂ 24 ಇಂಚು ಬೇಕು. ಫ್ರಿಜ್ ಪಕ್ಕದಲ್ಲಿ 15 ಇಂಚು. ಎದುರುಬದುರು ಕಟ್ಟೆಯಿದ್ದರೆ ನಡುವಿನ ಓಡಾಟದ ಜಾಗ ಒಬ್ಬರೇ ಅಡುಗೆ ಮಾಡುವ ಮನೆಗೆ 42 ಇಂಚು, ಇಬ್ಬರಾದರೆ 48.

ಕಟ್ಟೆಯ ಎತ್ತರಕ್ಕೆ ಬಂದರೆ, ಸಾಮಾನ್ಯವಾಗಿ 36 ಇಂಚು ಅಂತ ಕಣ್ಣುಮುಚ್ಚಿ ಮಾಡಿಬಿಡುತ್ತಾರೆ. ಆದರೆ ಬೆನ್ನು ನೋಯುವುದು ನಿಮಗೆ, ಅವರಿಗಲ್ಲ. ಮೊಣಕೈ ಮಡಿಸಿ ನಿಂತುಕೊಳ್ಳಿ. ಮೊಣಕೈಯಿಂದ 4ರಿಂದ 6 ಇಂಚು ಕೆಳಗೆ ಕಟ್ಟೆ ಬಂದರೆ ಹೆಚ್ಚಲು ಆರಾಮ. ಈಗಿರುವ ಕಟ್ಟೆ ತಗ್ಗು ಅನ್ನಿಸಿದರೆ ಅದರ ಮೇಲೆ ದಪ್ಪ ಪುಸ್ತಕಗಳನ್ನು ಪೇರಿಸಿ, ಮೇಲೆ ಮಣೆಯಿಟ್ಟು, ನಿಜವಾಗಿಯೂ ಎರಡು ಈರುಳ್ಳಿ ಹೆಚ್ಚಿ ನೋಡಿ. ಒಂದೊಂದೇ ಪುಸ್ತಕ ತೆಗೆಯುತ್ತಾ, ಸೇರಿಸುತ್ತಾ ಹೋದರೆ ಭುಜ ಸಡಿಲವಾಗುವ ಎತ್ತರ ಒಂದು ಸಿಗುತ್ತದೆ. ಅದನ್ನು ಗೋಡೆಯ ಮೇಲೆ ಗೆರೆ ಎಳೆದು ಗುರುತಿಸಿ. ಸಿಂಕಿನ ಕಥೆ ಬೇರೆ. ಕೈ ಆಡುವುದು ಅದರ ತಳದಲ್ಲಿ, ತಳ ಕಟ್ಟೆಗಿಂತ 8–9 ಇಂಚು ಕೆಳಗೆ. ಹಾಗಾಗಿ ಪಾತ್ರೆ ತೊಳೆಯುವವರು ಎತ್ತರದವರಾದರೆ ತೀರಾ ಆಳದ ಸಿಂಕ್ ಬೇಡ.

ದುಡ್ಡು ಮತ್ತು ಬರಹ

ಒಟ್ಟು ಅಂದಾಜಿನ ಮೇಲೆ ಶೇ 15ರಿಂದ 20ರಷ್ಟು ಪಕ್ಕಕ್ಕಿಡಿ. ಹಳೆಯ ಗೋಡೆ ಒಡೆದಾಗ ಒಳಗಿನಿಂದ ಏನು ಹೊರಬರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಕಂಟ್ರಾಕ್ಟರ್ ಜತೆಗಿನ ಒಪ್ಪಂದ ಬಾಯಿಮಾತಿನಲ್ಲಿ ಬೇಡ. ಪ್ಲೈವುಡ್ಡಿನ ದಪ್ಪ, ದರ್ಜೆ, ಹಿಂಜ್ ಯಾವುದು, ಒಡೆದ ಕಸ ಸಾಗಿಸುವುದು ಯಾರು, ಎಲ್ಲ ಬರಹದಲ್ಲಿರಲಿ. ದುಡ್ಡು ಕಂತಿನಲ್ಲಿ ಕೊಡಿ, ಕೊನೆಯ ಕಂತು ಕೆಲಸ ಪರೀಕ್ಷೆ ಮಾಡಿದ ಮೇಲೆ.

ಗೋಡೆ ತೆಗೆಸುವ ಯೋಚನೆಯಿದ್ದರೆ ಅದು ಭಾರ ಹೊತ್ತ ಗೋಡೆಯೇ ಅಂತ ಎಂಜಿನಿಯರ್ ಕೈಲಿ ನೋಡಿಸಿ. ತಟ್ಟಿ ಸದ್ದು ಕೇಳಿ ಹೇಳುವವರ ಮಾತು ಬೇಡ. ತುಂಬಾ ಹಳೆಯ ಮನೆಯಾದರೆ ನೆಲಹಾಸಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್), ಬಣ್ಣದಲ್ಲಿ ಸೀಸ ಇರಬಹುದು. ಅವನ್ನು ಕೆರೆಯುವ ಮೊದಲು ಪರೀಕ್ಷೆ ಮಾಡಿಸಿ.

ಗೋಡೆಯೊಳಗೆ ಹೋಗುವುದು

ಇಲ್ಲಿ ಜುಗ್ಗತನ ಬೇಡವೇ ಬೇಡ. ಹಿಡಿಸದ ಹಿಡಿಕೆಯನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಗೋಡೆಯೊಳಗಿನ ಪೈಪ್ ಬದಲಾಯಿಸಬೇಕಾದರೆ ಹೊಸ ಟೈಲ್ಸನ್ನೇ ಒಡೆಯಬೇಕು.

ಸಿಂಕನ್ನು ಕಿಟಕಿ ಕೆಳಗೆ ಸರಿಸೋಣ ಅನ್ನುವುದು ಎಲ್ಲರ ಆಸೆ. ಸರಿಸಬಹುದು, ಆದರೆ ಕೊಳಚೆ ನೀರಿನ ಪೈಪಿಗೆ ಇಳಿಜಾರು ಬೇಕು. ಒಂದು ಮೀಟರಿಗೆ ಸುಮಾರು 2 ಸೆಂಟಿಮೀಟರ್. 3 ಮೀಟರ್ ಸರಿಸಿದರೆ ಪೈಪಿನ ಚರಂಡಿ ಕಡೆಯ ತುದಿ 6 ಸೆಂಟಿಮೀಟರ್ ಇಳಿದಿರಬೇಕು. ಅಷ್ಟು ಇಳಿಯಲು ಜಾಗ ಇದೆಯೇ ಅಂತ ಪ್ಲಂಬರ್ ಅಳೆದು ಹೇಳಲಿ. ಇಳಿಜಾರು ಸಾಲದಿದ್ದರೆ ಜಿಡ್ಡು ಕೂತು ಆರೇ ತಿಂಗಳಿಗೆ ಕಟ್ಟಿಕೊಂಡರೂ ಆಶ್ಚರ್ಯವಿಲ್ಲ. ಸಿಂಕಿನಡಿ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದಲ್ಲ, ಚರಂಡಿ ವಾಸನೆ ತಡೆಯುವುದು ಅದೇ. ಆ ಬಾಗು ಬಿಟ್ಟು ನೇರ ಪೈಪ್ ಹಾಕಲು ಬಿಡಬೇಡಿ.

ಕರೆಂಟಿಗೆ, ಕಟ್ಟೆಯ ಮೇಲೆ ನಿಲ್ಲುವ ಯಂತ್ರಗಳನ್ನೆಲ್ಲ ಎಣಿಸಿ, ಅದರ ಮೇಲೆ ಎರಡು ಸಾಕೆಟ್ ಜಾಸ್ತಿ ಹಾಕಿಸಿ. ಇಂಡಕ್ಷನ್ ಒಲೆ, ಓವನ್‌ನಂಥ ಭಾರೀ ಕರೆಂಟ್ ಎಳೆಯುವವಕ್ಕೆ ಬೇರೆ ಬೇರೆ ಲೈನ್. ಫ್ರಿಜ್ಜಿನ ಸಾಕೆಟ್ ಅದರ ಬೆನ್ನ ಹಿಂದೆ ಬೇಡ, ಪಕ್ಕದ ಕಪಾಟಿನೊಳಗೆ ಇರಲಿ. ನೀರಿರುವ ಜಾಗ ಆದ್ದರಿಂದ 30 ಮಿಲಿಆಂಪಿಯರ್ ಸೋರಿಕೆಗೆ ತಾನೇ ಕರೆಂಟ್ ಕಡಿಯುವ ಬ್ರೇಕರ್ ಹಾಕಿಸಲೇಬೇಕು. ಮೇಲಿನ ಕಪಾಟಿನ ತಳಕ್ಕೆ ದೀಪ ಬೇಕಿದ್ದರೆ ಅದರ ವೈರ್ ಕೂಡ ಈಗಲೇ. ಕೈಮೇಲೆ ನೆರಳು ಬೀಳುವ ತೊಂದರೆಗೆ ಮದ್ದು ಅದೊಂದೇ. ಚಿಮ್ನಿಯ ಹೊಗೆ ಕೊಳವೆ ಮನೆಯ ಹೊರಗೇ ತೆರೆಯಬೇಕು, ಗಿಡ್ಡ ಇದ್ದಷ್ಟೂ, ತಿರುವು ಕಡಿಮೆ ಇದ್ದಷ್ಟೂ ಚೆನ್ನಾಗಿ ಎಳೆಯುತ್ತದೆ.

ಪೈಪುಗಳಲ್ಲಿ ಒತ್ತಡ ತುಂಬಿ ಪರೀಕ್ಷೆ ಮಾಡುವವರೆಗೆ ಪ್ಲಾಸ್ಟರ್ ಮಾಡಲು ಬಿಡಬೇಡಿ. ಮುಚ್ಚುವ ಮೊದಲು ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೊ ತೆಗೆಯಿರಿ. ಮುಂದೊಂದು ದಿನ ಮೊಳೆ ಹೊಡೆಯುವಾಗ ಪೈಪ್ ಎಲ್ಲಿದೆ ಅಂತ ಆ ಫೋಟೊ ಹೇಳುತ್ತದೆ.

ಕೆಲಸದ ಸರದಿ

ಒಡೆಯುವ ಹಿಂದಿನ ದಿನವೇ ಇನ್ನೊಂದು ಕೋಣೆಯಲ್ಲಿ ತಾತ್ಕಾಲಿಕ ಅಡುಗೆಮನೆ ಹೂಡಿ. ಒಂದು ಮೇಜು, ಒಂದು ಒಲೆ, ನಾಲ್ಕು ಪಾತ್ರೆ ಸಾಕು. ಬಚ್ಚಲಲ್ಲಿ ಪಾತ್ರೆ ತೊಳೆಯುವ ಯೋಗ ತಪ್ಪಿದ್ದಲ್ಲ. ಉಳಿದ ಕೋಣೆಗಳ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಇಲ್ಲದಿದ್ದರೆ ದೂಳು ಹಾಸಿಗೆಯವರೆಗೂ ಬರುತ್ತದೆ.

ಮೊದಲು ಒಡೆಯುವುದು. ಆಮೇಲೆ ಪೈಪು, ವೈರು, ಪರೀಕ್ಷೆ, ಪ್ಲಾಸ್ಟರ್. ಅದು ಒಣಗಿದ ಮೇಲೆ ನೆಲದ ಟೈಲ್ಸ್, ಬಣ್ಣದ ಮೊದಲ ಕೋಟ್. ಅನಂತರ ಕೆಳಗಿನ ಕ್ಯಾಬಿನೆಟ್ಟು. ಅವನ್ನು ರಸಮಟ್ಟ ಹಿಡಿದು ಕೂರಿಸಿದ ಮೇಲೆಯೇ ಕಟ್ಟೆ ಕಲ್ಲಿಗೆ ಅಳತೆ. ನಕ್ಷೆಯ ಅಳತೆಗೆ ಕಲ್ಲು ಕತ್ತರಿಸಿದರೆ ಗೋಡೆಯ ಹತ್ತಿರ ಸಂದು ಬಂದೇಬರುತ್ತದೆ. ಕಲ್ಲು ಕೂತ ಮೇಲೆ ಗೋಡೆಯ ಟೈಲ್ಸ್. ಆಗ ಟೈಲ್ಸ್ ಕಲ್ಲಿನ ಮೇಲೆ ಕೂತು ಸಂದನ್ನು ಮುಚ್ಚುತ್ತದೆ. ಟೈಲ್ಸ್ ಶೇ 10ರಷ್ಟು ಜಾಸ್ತಿ ತನ್ನಿ, ಎಲ್ಲ ಪೆಟ್ಟಿಗೆಯ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ. ಬ್ಯಾಚ್ ಬೇರೆಯಾದರೆ ಬಣ್ಣ ಕೂದಲೆಳೆಯಷ್ಟು ಬೇರೆ. ಅಂಗಡಿಯಲ್ಲಿ ಕಾಣದ್ದು ಗೋಡೆಯ ಮೇಲೆ ಎದ್ದು ಕಾಣುತ್ತದೆ.

ಮರ, ಕಲ್ಲು

ಕ್ಯಾಬಿನೆಟ್ ಹಾಳಾಗುವುದು ಅಂಚಿನಿಂದ. ಮರದ ಚೂರನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಆಗಲಿ, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಆಗಲಿ ಅಂಚಿನಲ್ಲಿ ನೀರು ಕುಡಿದರೆ ಊದಿಕೊಳ್ಳುತ್ತದೆ, ಮತ್ತೆ ಇಳಿಯುವುದಿಲ್ಲ. ದುಡ್ಡು ಬಿಗಿಯಿದ್ದರೆ ಸಿಂಕಿನ ಕೆಳಗಿನ ಪೆಟ್ಟಿಗೆಗಾದರೂ ನೀರು ತಡೆಯುವ ಪ್ಲೈವುಡ್ ಹಾಕಿಸಿ, ಅಂಚುಪಟ್ಟಿ ನಾಲ್ಕೂ ಬದಿ ಅಂಟಿಸಿದ್ದಾರಾ ಬೆರಳಾಡಿಸಿ ನೋಡಿ. ಕೆಳಗೆ ಬಾಗಿಲಿನ ಕಪಾಟಿಗಿಂತ ಡ್ರಾಯರ್ ಮೇಲು. ಹಿಂದಿರುವ ಡಬ್ಬಿಗಾಗಿ ಮಂಡಿಯೂರುವುದು ತಪ್ಪುತ್ತದೆ.

ಕಲ್ಲಿನಲ್ಲಿ ಗ್ರಾನೈಟ್ ಗಟ್ಟಿ. ಅಮೃತಶಿಲೆ ನೋಡಲು ಚಂದ, ಆದರೆ ಹುಳಿ ಬಿದ್ದರೆ ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಕ್ವಾರ್ಟ್ಜ್ ಹೆಸರಿನ ತಯಾರಿಸಿದ ಕಲ್ಲು ಬಳಸಲು ಸುಲಭ, ಆದರೆ ಅದರ ಹಲವು ಬಗೆಗಳಲ್ಲಿ ಶೇ 90ರಷ್ಟು ಸಿಲಿಕಾ ಇರುತ್ತದೆ. ಕತ್ತರಿಸುವ ದೂಳು ಕೆಲಸಗಾರರ ಶ್ವಾಸಕೋಶವನ್ನು ಕೆಡಿಸುತ್ತದೆ. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿದೆ. ಯಾವ ಕಲ್ಲೇ ಆಗಲಿ, ಮನೆಯೊಳಗೆ ಒಣದಾಗಿ ಕತ್ತರಿಸಲು ಬಿಡಬೇಡಿ. ನೀರು ಹಾಯಿಸಿ, ಹೊರಗೆ.

ಕೊನೆಯ ಕಂತಿನ ಮೊದಲು

ಸಿಂಕ್ ತುಂಬ ನೀರು ತುಂಬಿಸಿ ಒಮ್ಮೆಲೇ ಬಿಡಿ. ಕೆಳಗೆ ಒಣ ಕಾಗದ ಹಾಸಿ, ಟಾರ್ಚ್ ಹಾಕಿ ನೋಡಿ. ಒಂದು ಹನಿ ಬಿದ್ದರೂ ಕಾಗದದಲ್ಲಿ ಕಾಣುತ್ತದೆ. ಚಿಮ್ನಿ ಹಾಕಿ ತೆಳು ಕಾಗದ ಹಿಡಿಯಿರಿ, ಅಂಟಿಕೊಳ್ಳಬೇಕು. ಮೂಲೆಯ ಎರಡೂ ಡ್ರಾಯರ್ ಒಟ್ಟಿಗೇ ಎಳೆದು ನೋಡಿ, ಹಿಡಿಕೆ ಒಂದಕ್ಕೊಂದು ಬಡಿಯುತ್ತವೋ ಏನೋ. ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಹಾಕಿ ಹತ್ತು ನಿಮಿಷ ಬಿಡಿ. ಬ್ರೇಕರ್ ಬಿದ್ದರೆ ಎಲೆಕ್ಟ್ರಿಷಿಯನ್ ಇರುವಾಗಲೇ ಬೀಳಲಿ. ಸರಿಯಿಲ್ಲದ್ದನ್ನೆಲ್ಲ ಪಟ್ಟಿ ಮಾಡಿ ಕಂಟ್ರಾಕ್ಟರ್ ಕೈಗೆ ಕೊಡಿ, ಒಂದು ಪ್ರತಿ ನೀವಿಟ್ಟುಕೊಳ್ಳಿ.

ಉಳಿದ ಟೈಲ್ಸ್ ಎಸೆಯಬೇಡಿ. ಬಣ್ಣದ ಡಬ್ಬಿಯ ನಂಬರ್, ಟೈಲ್ಸ್ ಸಂದಿಗೆ ತುಂಬುವ ಗ್ರೌಟಿನ ಹೆಸರು ಒಂದು ಚೀಟಿಯಲ್ಲಿ ಬರೆದು ಸಿಂಕಿನ ಕೆಳಗಿನ ಬಾಗಿಲ ಒಳಬದಿಗೆ ಅಂಟಿಸಿಬಿಡಿ.