ಹೊಸ ಚಿಪ್ ಬಂತೇ? ಹಳೆಯ ಇಂಟರಪ್ಟ್ ಡ್ರೈವರ್‌ಗೇ ಅದನ್ನು ಸೇರಿಸಿ

ಹೊಸ ಚಿಪ್ ಬಂತು ಅಂದಾಕ್ಷಣ ಹೊಸ ಡ್ರೈವರ್ ಬರೆಯಲು ಕೂರಬೇಡಿ. ಸಾಧನಗಳು ‘ಇತ್ತ ನೋಡು’ ಎಂದು ಕಳಿಸುವ ಸೂಚನೆಗಳನ್ನು, ಅಂದರೆ ಇಂಟರಪ್ಟ್‌ಗಳನ್ನು, ಪ್ರೊಸೆಸರ್‌ಗೆ ತಲುಪಿಸುವ ಭಾಗವೇ ಇಂಟರಪ್ಟ್ ಕಂಟ್ರೋಲರ್. ಅದನ್ನು ಪ್ರತಿ ಸಲವೂ ಮೊದಲಿನಿಂದ ಕಟ್ಟುವ ಚಿಪ್ ತಯಾರಕರು ಕಡಿಮೆ. ಹಳೆಯದಕ್ಕೇ ನಾಲ್ಕು ಇಂಟರಪ್ಟ್ ಲೈನ್ ಜಾಸ್ತಿ ಮಾಡುತ್ತಾರೆ, ಒಂದೆರಡು ರಿಜಿಸ್ಟರ್‌ಗಳ (ಚಿಪ್ ಅನ್ನು ನಿಯಂತ್ರಿಸಲು ಓದಿ ಬರೆಯುವ ಪುಟ್ಟ ಖಾನೆಗಳ) ಜಾಗ ಬದಲಿಸುತ್ತಾರೆ. ಲಿನಕ್ಸ್ ಕರ್ನಲ್‌ನ ಡ್ರೈವರ್ಸ್ ಫೋಲ್ಡರ್‌ನಲ್ಲಿ ಐಆರ್‌ಕ್ಯೂಚಿಪ್ ಎಂಬ ಫೋಲ್ಡರ್ ಇದೆ. ಅದೇ ಸರಣಿಯ ಹಳೆಯ ಚಿಪ್‌ನ ಡ್ರೈವರ್ ಅಲ್ಲಿದೆಯಾ, ಮೊದಲು ಹುಡುಕಿ.

ಸಿಕ್ಕರೆ ಎರಡೂ ಚಿಪ್‌ಗಳ ಡೇಟಾಶೀಟ್ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಬರೆದುಕೊಳ್ಳಿ. ಲೈನ್ ಎಷ್ಟು? ಇಂಟರಪ್ಟ್ ತಡೆಯಲು, ಬಿಡಲು ಇರುವ ಮಾಸ್ಕ್ ರಿಜಿಸ್ಟರ್ ಎಲ್ಲಿ? ಅದರಲ್ಲಿ 1 ಇದ್ದರೆ ಇಂಟರಪ್ಟ್ ತಡೆಯುತ್ತದಾ, ಬಿಡುತ್ತದಾ? ಇಂಟರಪ್ಟ್ ಬಂದಿದೆ ಎಂದು ತೋರಿಸುವ ಸ್ಟೇಟಸ್ ಬಿಟ್ ಅಳಿಸಲು 1 ಬರೆಯಬೇಕಾ, 0 ಬರೆಯಬೇಕಾ, ಸುಮ್ನೆ ಓದಿದರೆ ಸಾಕಾ? ಈ ಕೊನೆಯ ಪ್ರಶ್ನೆಗೆ ಸಮಯ ಕೊಡಿ. 1 ಬರೆದರೆ ಅಳಿಯುವ ರಿಜಿಸ್ಟರನ್ನು ಓದಿ, ಒಂದು ಬಿಟ್ ಸೇರಿಸಿ, ಮತ್ತೆ ಬರೆದರೆ ಸರದಿಯಲ್ಲಿ ಕಾಯುತ್ತಿದ್ದ ಬೇರೆ ಇಂಟರಪ್ಟ್‌ಗಳೂ ಅಳಿಸಿ ಹೋಗುತ್ತವೆ. ಬೇಕಾದ ಬಿಟ್ ಒಂದನ್ನೇ ಬರೆಯಿರಿ.

ಈ ವ್ಯತ್ಯಾಸಗಳನ್ನೆಲ್ಲ ಒಂದು ಸ್ಟ್ರಕ್ಚರ್‌ಗೆ ಹಾಕಿ, ಹೊಸ ಚಿಪ್‌ನ ಕಂಪ್ಯಾಟಿಬಲ್ ಹೆಸರಿಗೆ (ಡ್ರೈವರ್ ತನ್ನ ಚಿಪ್ ಗುರುತಿಸುವ ಹೆಸರಿಗೆ) ಜೋಡಿಸಿ. ಡ್ರೈವರ್ ತುಂಬ ‘ಈ ಚಿಪ್ ಆದರೆ ಹೀಗೆ, ಆ ಚಿಪ್ ಆದರೆ ಹಾಗೆ’ ಎಂಬ ಇಫ್‌ಗಳು ಹರಡಿದ್ದರೆ ಮೂರನೇ ಚಿಪ್ ಬಂದಾಗ ಯಾರಿಗೂ ಅರ್ಥವಾಗುವುದಿಲ್ಲ. ವ್ಯತ್ಯಾಸವೇ ಇಲ್ಲವಾ? ಹಾಗಾದರೆ ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ತಿಳಿಸುವ ವಿವರದಲ್ಲಿ) ಹೊಸ ಹೆಸರಿನ ನಂತರ ಹಳೆಯ ಹೆಸರನ್ನೂ ಬರೆದರಾಯಿತು, ಡ್ರೈವರ್ ಮುಟ್ಟುವುದೇ ಬೇಡ. ಎರಡೂ ಸಂದರ್ಭದಲ್ಲಿ ಬೈಂಡಿಂಗ್‌ನ (ಡಿವೈಸ್ ಟ್ರೀಯಲ್ಲಿ ಏನನ್ನು ಹೇಗೆ ಬರೆಯಬೇಕೆಂಬ ನಿಯಮದ) ಯಾಮಲ್ ಫೈಲಿಗೆ ಹೊಸ ಹೆಸರು ಸೇರಲೇಬೇಕು.

ನನ್ನ ಪ್ರಕಾರ ಅತಿ ಹೆಚ್ಚು ಎಚ್ಚರ ಬೇಕಾದದ್ದು ಲೆವೆಲ್ ಮತ್ತು ಎಡ್ಜ್ ವಿಷಯದಲ್ಲಿ. ಲೆವೆಲ್ (ಕಾರಣ ಇರುವವರೆಗೂ ಸಿಗ್ನಲ್ ನಿಂತೇ ಇರುವ ಬಗೆ) ಆದರೆ ಮೊದಲು ಲೈನ್ ಮಾಸ್ಕ್ ಮಾಡಿ, ಕೆಲಸ ಮುಗಿದ ಮೇಲೆ ಬಿಡಬೇಕು. ಇಲ್ಲದಿದ್ದರೆ ಅದೇ ಇಂಟರಪ್ಟ್ ಮತ್ತೆ ಮತ್ತೆ ಬಡಿಯುತ್ತದೆ. ಎಡ್ಜ್ (ಸಿಗ್ನಲ್ ಬದಲಾದ ಕ್ಷಣವಷ್ಟೇ ಲೆಕ್ಕಕ್ಕೆ ಬರುವ ಬಗೆ) ಆದರೆ ಮೊದಲು ಆ್ಯಕ್ (‘ಇಂಟರಪ್ಟ್ ಸಿಕ್ಕಿತು’ ಎಂದು ಸ್ಟೇಟಸ್ ಅಳಿಸುವುದು), ಆಮೇಲೆ ಹ್ಯಾಂಡ್ಲರ್ (ಇಂಟರಪ್ಟ್‌ಗೆ ಸ್ಪಂದಿಸುವ ಕೋಡ್). ಹ್ಯಾಂಡ್ಲರ್ ಓಡುತ್ತಿರುವಾಗಲೇ ಇನ್ನೊಂದು ಎಡ್ಜ್ ಬಂದಿದ್ದರೆ, ಕೊನೆಯಲ್ಲಿ ಮಾಡಿದ ಆ್ಯಕ್ ಅದನ್ನೂ ನುಂಗಿಬಿಡುತ್ತದೆ. ಎರಡಕ್ಕೂ ಸಿದ್ಧ ಹ್ಯಾಂಡ್ಲರ್‌ಗಳು ಕರ್ನಲ್‌ನಲ್ಲೇ ಇವೆ. ಟೈಪ್ ಬದಲಾದಾಗ ಸರಿಯಾದದ್ದನ್ನು ಹಾಕಿಕೊಡುವುದು ನಿಮ್ಮ ಕೆಲಸ. ಹಲವು ಲೈನ್‌ಗಳು ಒಂದೇ ಮಾಸ್ಕ್ ರಿಜಿಸ್ಟರ್ ಹಂಚಿಕೊಂಡಿದ್ದರೆ ಅದಕ್ಕೆ ರಾ ಸ್ಪಿನ್‌ಲಾಕ್ (ಒಮ್ಮೆಗೆ ಒಬ್ಬರೇ ಮುಟ್ಟುವಂತೆ ತಡೆಯುವ, ನಿದ್ದೆ ಹೋಗದ ಬೀಗ) ಬೇಕು. ಮಾಮೂಲಿ ಸ್ಪಿನ್‌ಲಾಕ್ ರಿಯಲ್‌ಟೈಮ್ ಕರ್ನಲ್‌ನಲ್ಲಿ ನಿದ್ದೆಗೆ ಜಾರಬಹುದು, ಇಲ್ಲಿ ಅದು ನಡೆಯುವುದಿಲ್ಲ.

ಬೂಟ್ ಆದ ಮೇಲೆ ಪ್ರಾಕ್ ಫೋಲ್ಡರ್‌ನಲ್ಲಿರುವ ಇಂಟರಪ್ಟ್ಸ್ ಫೈಲ್ ತೆರೆಯಿರಿ, ಯಾವ ಇಂಟರಪ್ಟ್ ಎಷ್ಟು ಸಲ ಬಂದಿದೆ ಎಂಬ ಎಣಿಕೆ ಅಲ್ಲಿರುತ್ತದೆ. ಬೋರ್ಡ್‌ನ ಒಂದು ಬಟನ್ ಒತ್ತಿ, ಎಣಿಕೆ ಏರಿತಾ ನೋಡಿ. ಏರದಿದ್ದರೆ ಮಾಸ್ಕ್ ಬಿಟ್‌ನ ಅರ್ಥ ತಲೆಕೆಳಗಾಗಿರಬಹುದು. ಒತ್ತದೆಯೂ ಓಡುತ್ತಿದ್ದರೆ ಸ್ಟೇಟಸ್ ಅಳಿಯುತ್ತಿಲ್ಲವೇನೋ. ಒಂದು ಲೈನ್‌ನಲ್ಲಿ ಬಂದ 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚನ್ನು ಯಾರೂ ತಮ್ಮದೆನ್ನದಿದ್ದರೆ, ಕರ್ನಲ್ ‘ನೋಬಡಿ ಕೇರ್ಡ್’ ಎಂದು ಲಾಗ್‌ನಲ್ಲಿ ಬರೆದು ಆ ಲೈನನ್ನೇ ಮುಚ್ಚುತ್ತದೆ.

ಬದಲಾವಣೆಗಳನ್ನು ಕರ್ನಲ್‌ನವರಿಗೆ ಪ್ಯಾಚ್‌ಗಳಾಗಿ ಕಳಿಸುವಾಗ ಬೈಂಡಿಂಗ್ ಒಂದು ಪ್ಯಾಚ್, ಡ್ರೈವರ್ ಬದಲಾವಣೆ ಇನ್ನೊಂದು. ಬೈಂಡಿಂಗ್ ಮೊದಲು ಬರಲಿ. ಕಳಿಸುವ ಮುನ್ನ ಪ್ಯಾಚ್‌ನ ಶೈಲಿ ಪರೀಕ್ಷಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿ. ಹಾಗೆಯೇ ಹಳೆಯ ಚಿಪ್‌ನ ಬೋರ್ಡ್‌ನಲ್ಲೂ ಬೂಟ್ ಮಾಡಿ, ಅದೇ ಬಟನ್ ಪರೀಕ್ಷೆ ಮಾಡಿ ನೋಡಿ.